ಲಾಲ್‌ಬಾಗ್ ಸಂರಕ್ಷಿತ ಜಾಗ ಅಂದಮೇಲೆ ಅಲ್ಲಿ ರಸ್ತೆಗೆ ರ್‍ಯಾಂಪ್ ಕಟ್ಟಬಹುದೇ?

ಓದುಗರ ಪ್ರಶ್ನೆ: ಲಾಲ್‌ಬಾಗ್‌ಗೆಂದೇ ಕಾಯ್ದೆ ಇದೆ ಅಂತಾರೆ. ಆದರೂ ಸುರಂಗ ರಸ್ತೆಯ ರ್‍ಯಾಂಪ್ ಅಲ್ಲಿಗೇ ಬರುತ್ತದೆ ಎಂದು ಸುದ್ದಿಯಾಯಿತು. ಸರ್ಕಾರ ಮನಸ್ಸು ಮಾಡಿದರೆ ಯಾವ ಪಾರ್ಕನ್ನಾದರೂ ರಸ್ತೆಗೆ ತೆಗೆದುಕೊಳ್ಳಬಹುದೇ? ನಮ್ಮ ಬಡಾವಣೆಯ ಪಾರ್ಕಿನ ಮೂಲೆಯನ್ನೂ ಜಂಕ್ಷನ್ ಅಗಲ ಮಾಡಲು ಅಳತೆ ಮಾಡಿ ಹೋಗಿದ್ದಾರೆ. ಸಹಿ ಸಂಗ್ರಹಿಸಿ ಕೊಟ್ಟರೆ ಏನಾದರೂ ಪ್ರಯೋಜನ ಇದೆಯೇ?

ಉತ್ತರ: ತೆಗೆದುಕೊಳ್ಳಬಹುದು, ಆದರೆ ಸುಮ್ಮನೆ ಜೆಸಿಬಿ ತಂದು ನಿಲ್ಲಿಸುವಂತಿಲ್ಲ. ‘ಸಂರಕ್ಷಿತ’ ಎಂದು ಬೋರ್ಡಿನಲ್ಲಿ ಬರೆದ ಮಾತ್ರಕ್ಕೆ ಜಾಗ ಉಳಿಯುವುದಿಲ್ಲ. ಅದನ್ನು ಕಾಯುತ್ತಿರುವ ಕಾಗದ ಯಾವುದು, ಆ ಕಾಗದವನ್ನು ತಿದ್ದುವ ಅಧಿಕಾರ ಯಾರ ಕೈಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸಹಿ ಸಂಗ್ರಹದ ವಿಷಯಕ್ಕೆ ಆಮೇಲೆ ಬರೋಣ.

ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ಎರಡೂ 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ. ಅಲ್ಲಿನ ಜಮೀನನ್ನು ಮಾರುವ, ಗುತ್ತಿಗೆಗೆ ಕೊಡುವ, ಅದಲುಬದಲು ಮಾಡುವ ದಾರಿಯನ್ನು ಆ ಕಾಯ್ದೆ ಮುಚ್ಚಿದೆ. ಕೇಳಲು ಗಟ್ಟಿ ಬೀಗದಂತಿದೆ. ಆದರೆ ಬೀಗದ ಕೈ ಇರುವುದು ವಿಧಾನಸೌಧದಲ್ಲೇ. ನಮ್ಮ ಮೆಟ್ರೋಗೆ ಲಾಲ್‌ಬಾಗ್‌ನ ಒಂದು ಪಟ್ಟಿ ಬೇಕಾದಾಗ, 2008–09ರಲ್ಲಿ, ಸರ್ಕಾರ ಸುಗ್ರೀವಾಜ್ಞೆ ತಂದು ಈ ಕಾಯ್ದೆಯನ್ನೇ ತಿದ್ದಿತು. ಜನ ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. ಕಾಂಪೌಂಡ್ ಗೋಡೆ ಒಡೆಯುವುದು ನಿಲ್ಲಲಿಲ್ಲ.

2025ರಲ್ಲಿ ಅದೇ ಪ್ರಶ್ನೆ ಮತ್ತೆ ಎದ್ದಿತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 16.7 ಕಿ.ಮೀ. ಜೋಡಿ ಸುರಂಗದ ಯೋಜನೆಯಲ್ಲಿ, ಅಶೋಕ ಪಿಲ್ಲರ್ ಕಡೆಯ ಲಾಲ್‌ಬಾಗ್ ಮೂಲೆಯಲ್ಲಿ ಒಳಹೋಗುವ, ಹೊರಬರುವ ರ್‍ಯಾಂಪ್‌ಗಾಗಿ ಸುಮಾರು 6 ಎಕರೆ ಗುರುತಿಸಲಾಗಿದೆ ಎಂಬುದು ಹೊರಬಿತ್ತು. ಲಾಲ್‌ಬಾಗ್ ಒಟ್ಟು 240 ಎಕರೆ; 6 ಎಕರೆ ಏನು ಮಹಾ ಎಂದವರೂ ಇದ್ದರು. ಅಲ್ಲಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಬೆಳಗಿನ ವಾಕಿಂಗ್‌ನವರು, ಜಯನಗರದ ನಿವಾಸಿಗಳು, ರಾಜಕೀಯ ಪಕ್ಷದವರು ಎಲ್ಲರೂ ದನಿ ಎತ್ತಿದ ಮೇಲೆ ಜಾಗವನ್ನು ಕಡಿಮೆ ಮಾಡುವ, ಬದಲಿಸುವ ಮಾತು ಸರ್ಕಾರದ ಕಡೆಯಿಂದಲೇ ಬಂತು.

ರ್‍ಯಾಂಪ್‌ಗೆ ಇಷ್ಟು ಜಾಗ ಯಾಕೆ ಎಂಬ ಲೆಕ್ಕ ಗೊತ್ತಿದ್ದರೆ ವಾದ ಮಾಡುವುದು ಸುಲಭ. ಸುರಂಗ ನೆಲದಿಂದ 20 ಮೀಟರ್ ಕೆಳಗಿದೆ, ಏರು ಶೇ 5 ಎಂದುಕೊಳ್ಳಿ. ವಾಹನ ಮೇಲೆ ಬರಲು 400 ಮೀಟರ್ ಉದ್ದ ಬೇಕು. ಏರನ್ನು ಶೇ 4ಕ್ಕೆ ಇಳಿಸಿದರೆ 500 ಮೀಟರ್. ಮೇಲೆ ಬಂದ ವಾಹನ ರಸ್ತೆಗೆ ಸೇರಲು ಪ್ರತ್ಯೇಕ ಪಥ ಬೇಕು. ಇದರ ಮೇಲೆ ಕೆಲಸ ನಡೆಯುವಷ್ಟು ದಿನ ಕ್ರೇನ್, ಕಾಂಕ್ರೀಟ್ ಪ್ಲಾಂಟ್, ಅಗೆದ ಮಣ್ಣು, ಕಾರ್ಮಿಕರ ಶೆಡ್ ಇವಕ್ಕೆಲ್ಲ ‘ತಾತ್ಕಾಲಿಕ’ ಜಾಗ ಬೇಕು. ಮರಗಳು ಹೆಚ್ಚಾಗಿ ಹೋಗುವುದು ಈ ತಾತ್ಕಾಲಿಕ ಜಾಗದಲ್ಲೇ. ನಕ್ಷೆಯಲ್ಲಿ ಅದಕ್ಕೆ ಬಣ್ಣ ಹಚ್ಚಿರುವುದಿಲ್ಲ. ನಿಮ್ಮ ಬಡಾವಣೆಯ ಜಂಕ್ಷನ್‌ದೂ ಇದೇ ಕಥೆ: ‘ಫ್ರೀ ಲೆಫ್ಟ್’ಗೆ (ಸಿಗ್ನಲ್‌ಗೆ ಕಾಯದೆ ಎಡಕ್ಕೆ ತಿರುಗುವ ಪಥ) ಮೂರು ಮೀಟರ್ ಸಾಕು ಎನ್ನುತ್ತಾರೆ, ಆಮೇಲೆ ಚರಂಡಿ, ಕೇಬಲ್ ಡಕ್ಟ್, ಫುಟ್‌ಪಾತ್ ಸೇರಿ ಪಾರ್ಕಿನ ಬೇಲಿ ಇನ್ನಷ್ಟು ಒಳಗೆ ಹೋಗುತ್ತದೆ.

ಈಗ ನಿಮ್ಮ ಪಾರ್ಕಿಗೆ ಬನ್ನಿ. ಮೊದಲ ಕೆಲಸ, ಅದು ಯಾರ ಹೆಸರಿನಲ್ಲಿದೆ ಎಂದು ಪತ್ತೆ ಹಚ್ಚುವುದು. ಮೊಬೈಲ್‌ನಲ್ಲಿ ನಿಂತ ಜಾಗದ ಸರ್ವೆ ನಂಬರ್ ತೋರಿಸುವ ಸರ್ಕಾರಿ ದಿಶಾಂಕ್ ಆ್ಯಪ್ ಹಾಕಿಕೊಂಡು ಪಾರ್ಕಿನ ನಾಲ್ಕೂ ಮೂಲೆಯಲ್ಲಿ ನಿಂತು ಸರ್ವೆ ನಂಬರ್ ಬರೆದುಕೊಳ್ಳಿ. ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಆದ್ದರಿಂದ ಅಂಚಿನ ಜಾಗಕ್ಕೆ ಅದನ್ನೇ ಪುರಾವೆ ಮಾಡಿಕೊಳ್ಳಬೇಡಿ. ಬಡಾವಣೆಯ ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಯಾಗಿದ್ದರೆ ನಿಮ್ಮ ಕೈ ಮೇಲು. ಬಿಡಿಎ ಕಾಯ್ದೆಯ 38-ಎ ಕಲಂ ಪ್ರಕಾರ ಪಾರ್ಕು, ಆಟದ ಮೈದಾನಕ್ಕೆಂದು ಮೀಸಲಿಟ್ಟ ಜಾಗವನ್ನು ಪ್ರಾಧಿಕಾರ ಬೇರೆ ಉದ್ದೇಶಕ್ಕೆ ಪರಭಾರೆ ಮಾಡುವಂತಿಲ್ಲ, ಮಾಡಿದರೆ ಅದು ಅಸಿಂಧು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿನ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಒಪ್ಪಲಿಲ್ಲ. ಅಕ್ಕಪಕ್ಕದ ನಿವಾಸಿಗಳಿಗೆ ಇದನ್ನು ಪ್ರಶ್ನಿಸುವ ಹಕ್ಕಿದೆ ಎಂದು ಆ ತೀರ್ಪು ಸ್ಪಷ್ಟವಾಗಿ ಹೇಳಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಎಂದರೆ ಯಾವ ವಕೀಲರಿಗಾದರೂ ಗೊತ್ತಾಗುತ್ತದೆ.

ಇತರ ಪಾರ್ಕುಗಳಿಗೆ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ ಇದೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಪಾರ್ಕು ಆ ಕಾಯ್ದೆಯಡಿಯ ಪಟ್ಟಿಯಲ್ಲಿ ಸೇರಿದೆಯೇ? ಮಾಸ್ಟರ್ ಪ್ಲ್ಯಾನ್‌ನಲ್ಲಿ ಹಸಿರು ಬಣ್ಣ ಇದ್ದರೆ, ಅದನ್ನು ಬದಲಿಸಲು ನಗರ ಯೋಜನಾ ಕಾಯ್ದೆಯ 14-ಎ ಕಲಂನಡಿ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ಅರಣ್ಯವೆಂದು ದಾಖಲೆಯಲ್ಲಿದ್ದರೆ ರಾಜ್ಯ ಸರ್ಕಾರವೊಂದೇ ತೀರ್ಮಾನ ಮಾಡುವಂತಿಲ್ಲ, ಕೇಂದ್ರದ ಅನುಮತಿ ಬೇಕು. ಖಾಸಗಿ ಜಮೀನಿನ ತೋಪು ಆಗಿದ್ದರೆ ಭೂಸ್ವಾಧೀನದ ದಾರಿ ಬೇರೆ: ಆಕ್ಷೇಪಣೆ ಸಲ್ಲಿಸಲು 2013ರ ಭೂಸ್ವಾಧೀನ ಕಾಯ್ದೆಯಡಿ ಪ್ರಾಥಮಿಕ ಅಧಿಸೂಚನೆಯಿಂದ 60 ದಿನ, ರಾಷ್ಟ್ರೀಯ ಹೆದ್ದಾರಿಗಾದರೆ 21 ದಿನ ಮಾತ್ರ. ಈ 21 ದಿನಗಳನ್ನು ‘ಗೊತ್ತೇ ಆಗಲಿಲ್ಲ’ ಎಂದು ಕಳೆದುಕೊಂಡವರೇ ಹೆಚ್ಚು.

ಇನ್ನು ಮರಗಳು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಕೊಡಲಿ ಹಾಕುವಂತಿಲ್ಲ. ಮರಗಳ ಸಂಖ್ಯೆ 50 ದಾಟಿದರೆ ಸಾರ್ವಜನಿಕ ನೋಟಿಸ್ ಹೊರಡಿಸಿ ಆಕ್ಷೇಪಣೆ ಕೇಳಲೇಬೇಕು; ನೋಟಿಸ್‌ಗಳಲ್ಲಿ ಸಾಮಾನ್ಯವಾಗಿ 10 ದಿನದ ಗಡುವು ಇರುತ್ತದೆ. ಕಣ್ಣಿಡಬೇಕಾದದ್ದು ಈ 50ರ ಗೆರೆಯ ಮೇಲೆ. ಒಂದೇ ರಸ್ತೆಯನ್ನು ಮೂರು ತುಂಡು ಮಾಡಿ 46, 38, 41 ಎಂದು ಮೂರು ಅರ್ಜಿ ಹಾಕಿದರೆ ಒಟ್ಟು 125 ಮರ ಹೋದರೂ ಯಾವ ನೋಟಿಸೂ ಬರುವುದಿಲ್ಲ. ಒಂದೇ ಕಾಮಗಾರಿ ಎಂದು ತೋರಿಸಲು ಟೆಂಡರ್ ದಾಖಲೆ ಸಾಕು. ರಾಜ್ಯದ ಇ-ಖರೀದಿ ಜಾಲತಾಣ ಕೆಪಿಪಿಪಿಯಲ್ಲಿ ಕಾಮಗಾರಿಯ ಹೆಸರು ಹಾಕಿ ಹುಡುಕಿ.

ಮರ ಎಣಿಸುವ ಕೆಲಸವನ್ನು ಇಲಾಖೆಗೆ ಬಿಡಬೇಡಿ. ಇಬ್ಬರು ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೊಟ್ಟರೆ ನೂರು ಮರ ಆಗುತ್ತದೆ. ಟೈಲರ್ ಟೇಪು ಸಾಕು. ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಸುಮಾರು ಎದೆ ಮಟ್ಟದಲ್ಲಿ, ಕಾಂಡದ ಸುತ್ತಳತೆ ತೆಗೆಯಿರಿ. ನೆಲ ಇಳಿಜಾರಾಗಿದ್ದರೆ ಎತ್ತರದ ಬದಿಯಿಂದ ಅಳೆಯಿರಿ. ಅದಕ್ಕಿಂತ ಕೆಳಗೇ ಎರಡಾಗಿ ಒಡೆದ ಹೊಂಗೆಯಾದರೆ ಎರಡು ಕಾಂಡವನ್ನೂ ಬೇರೆ ಬೇರೆ ಬರೆಯಿರಿ. ಜಾತಿ, ಸುತ್ತಳತೆ, ಇಲಾಖೆ ಬಣ್ಣದಲ್ಲಿ ಬರೆದ ನಂಬರ್, ಒಂದು ಫೋಟೊ: ಇಷ್ಟು ಸಾಕು. ಇಲಾಖೆಯ ಪಟ್ಟಿಯೊಂದಿಗೆ ಹೊಂದಿಸಿ ನೋಡಿದಾಗ ಪಟ್ಟಿಯಲ್ಲಿಲ್ಲದ ಮರಗಳು ಸಿಗುವುದು ಸಾಮಾನ್ಯ. ಯಾಕೆಂದರೆ ಡಾಂಬರು ಬೀಳುವ ಜಾಗದ ಮರಗಳನ್ನಷ್ಟೇ ಎಣಿಸಿರುತ್ತಾರೆ. ಬೇರಿನ ಬಹುಪಾಲು ಇರುವುದು ಮೇಲಿನ ಎರಡು ಅಡಿ ಮಣ್ಣಿನಲ್ಲಿ. ಗುಲ್‌ಮೊಹರ್ ಬುಡದಿಂದ ಒಂದು ಮೀಟರ್ ದೂರದಲ್ಲಿ ಚರಂಡಿ ತೋಡಿದರೆ ಆ ಬದಿಯ ಬೇರು ಪೂರ್ತಿ ತುಂಡಾಗುತ್ತದೆ. ಮರ ಆಗ ನಿಂತೇ ಇರುತ್ತದೆ. ಏಪ್ರಿಲ್‌ನ ಮೊದಲ ಗಾಳಿಮಳೆಗೆ ಕಾರಿನ ಮೇಲೆ ಮಲಗುತ್ತದೆ. ಪತ್ರಿಕೆಯಲ್ಲಿ ಅದು ಮಳೆ ಅನಾಹುತ ಎಂದು ಬರುತ್ತದೆ.

ಆಕ್ಷೇಪಣೆ ಬರೆಯುವಾಗ ‘ಹಸಿರೇ ಉಸಿರು’ ಎಂದು ಶುರು ಮಾಡಬೇಡಿ. ಅದಕ್ಕೆ ಅಧಿಕಾರಿ ಕೊಡುವ ಉತ್ತರ ತಯಾರಾಗಿಯೇ ಇರುತ್ತದೆ: ‘ಬದಲಿ ಸಸಿ ನೆಡಲಾಗುವುದು’. ಉತ್ತರ ಕೊಡಲೇಬೇಕಾದ ಹಾಗೆ ಬರೆಯಿರಿ. ಹೀಗೆ: ‘ಎಡ ತಿರುವಿನ ಪಥಕ್ಕಾಗಿ ಗುರುತಿಸಿರುವ ಮರ ಸಂಖ್ಯೆ 14ರಿಂದ 31ರವರೆಗಿನ 18 ಮರಗಳು ಮಂಜೂರಾದ ನಕ್ಷೆಯ ಪ್ರಕಾರ ಪಾರ್ಕಿನ ಗಡಿಯೊಳಗಿವೆ (ಪ್ರತಿ ಲಗತ್ತಿಸಿದೆ). ಈ ಜಾಗವನ್ನು ರಸ್ತೆಗೆ ಬಳಸಲು ನೀಡಿರುವ ಆದೇಶದ ಸಂಖ್ಯೆ ಮತ್ತು ದಿನಾಂಕ ತಿಳಿಸಬೇಕು. ತಿರುವನ್ನು ಎದುರು ಬದಿಗೆ ಸರಿಸುವ ಪರ್ಯಾಯ ಪರಿಶೀಲಿಸಲಾಗಿದೆಯೇ, ಇಲ್ಲವಾದರೆ ಕಾರಣ ತಿಳಿಸಬೇಕು.’ ಒಂದು ಪುಟ ದಾಟಬಾರದು. ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ‘ಸಾಹೇಬರು ಬಂದ ಮೇಲೆ ಬನ್ನಿ’ ಎಂದರೆ ವಾದಕ್ಕೆ ನಿಲ್ಲದೆ ಸ್ಪೀಡ್ ಪೋಸ್ಟ್ ಮಾಡಿ. ಬೆಂಗಳೂರಿನಲ್ಲಿ ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳಾಗಿವೆ. ನಿಮ್ಮ ವಾರ್ಡ್ ಯಾವುದಕ್ಕೆ ಸೇರಿದೆ ನೋಡಿ ವಿಳಾಸ ಬರೆಯಿರಿ. ತಪ್ಪು ಕಚೇರಿಗೆ ಹೋದ ಅರ್ಜಿ ‘ವರ್ಗಾಯಿಸಲಾಗಿದೆ’ ಎಂಬ ಹಿಂಬರಹ ಪಡೆಯುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಇಲ್ಲೇ ಸಹಿ ಸಂಗ್ರಹದ ಮಾತು. ಒಂದೇ ಪತ್ರಕ್ಕೆ 800 ಸಹಿ ಹಾಕಿದರೆ ಅದು ಕಡತದಲ್ಲಿ ಒಂದೇ ಆಕ್ಷೇಪಣೆ. ಎಂಬತ್ತು ಮನೆಯವರು ತಮ್ಮ ತಮ್ಮ ಮಾತಿನಲ್ಲಿ ಎಂಬತ್ತು ಪತ್ರ ಕೊಟ್ಟರೆ ಎಂಬತ್ತಕ್ಕೂ ಟಿಪ್ಪಣಿ ಬರೆಯಬೇಕಾಗುತ್ತದೆ. ಸಹಿಯ ಹಾಳೆ ಶಾಸಕರ ಮನೆಗೆ ಒಯ್ಯಲು ಒಳ್ಳೆಯದು, ಅಲ್ಲಿ ಲೆಕ್ಕಕ್ಕೆ ಬರುವುದು ತಲೆ ಎಣಿಕೆಯೇ.

ಜೊತೆಜೊತೆಗೇ ಆರ್‌ಟಿಐ ಹಾಕಿ. ಶುಲ್ಕ ₹10. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ‘ಯಾಕೆ’ ಎಂದು ಕೇಳಿದರೆ ಅದು ಮಾಹಿತಿಯ ವ್ಯಾಪ್ತಿಗೆ ಬಾರದು ಎಂದು ವಾಪಸ್ ಬರುತ್ತದೆ. ದಾಖಲೆಯನ್ನೇ ಹೆಸರಿಸಿ ಕೇಳಿ. ಡಿಪಿಆರ್‌ನ (ವಿವರವಾದ ಯೋಜನಾ ವರದಿ) ಜಂಕ್ಷನ್ ನಕ್ಷೆ, ವಾಹನ ಎಣಿಕೆಯ ವರದಿ, ಮರಗಳ ಪಟ್ಟಿ, ಕಡತದ ಟಿಪ್ಪಣಿ ಹಾಳೆ. ನಾಲ್ಕಕ್ಕೂ ಬೇರೆ ಬೇರೆ ಅರ್ಜಿ ಹಾಕುವುದು ಕ್ಷೇಮ. ಉತ್ತರಕ್ಕೆ 30 ದಿನ. ವಾಹನ ಎಣಿಕೆಯ ವರದಿ ಕೈಗೆ ಬಂದರೆ ಮೊದಲು ದಿನಾಂಕ ನೋಡಿ. ಶಾಲೆಗೆ ರಜೆಯಿದ್ದ ವಾರದಲ್ಲೋ, ಪಕ್ಕದ ರಸ್ತೆ ಅಗೆದು ವಾಹನಗಳನ್ನೆಲ್ಲ ಈ ಕಡೆ ತಿರುಗಿಸಿದ್ದಾಗಲೋ ಎಣಿಸಿದ್ದರೆ ಯೋಜನೆಯ ಬುಡವೇ ಅಲ್ಲಾಡುತ್ತದೆ. ಸಿಗ್ನಲ್ ಸಮಯ ಬದಲಿಸಿದರೆ ಸರಿಹೋಗುವ ಜಂಕ್ಷನ್‌ಗೆ ಪಾರ್ಕು ಕೊಡಬೇಕಾಗಿಲ್ಲ ಎಂದು ಹೇಳಲು ನಿಮಗೆ ಆಗ ಅಂಕಿ ಸಿಗುತ್ತದೆ.

ಬೀದಿ ಹೋರಾಟ ಬೇಡವೇ? ಬೇಕು. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿ.ಮೀ. ಉಕ್ಕಿನ ಮೇಲ್ಸೇತುವೆಗೆ 812 ಮರ ಹೋಗುವುದಿತ್ತು. 2016ರ ಅಕ್ಟೋಬರ್ 16ರಂದು ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ‘ಸ್ಟೀಲ್ ಫ್ಲೈಓವರ್ ಬೇಡ’ ಎಂದರು. ಅದೇ ತಿಂಗಳು ಹಸಿರು ನ್ಯಾಯಮಂಡಳಿಯ ತಡೆಯೂ ಬಂತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಬೀದಿ ಮತ್ತು ಕಾಗದ ಎರಡೂ ಒಟ್ಟಿಗೆ ನಡೆದದ್ದರಿಂದ ಅದು ಆಯಿತು. ಆದರೆ ಈಗ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಫ್ರೀಡಂ ಪಾರ್ಕ್ ಬಿಟ್ಟು ಬೇರೆಡೆ ಅವಕಾಶವಿಲ್ಲ. ಮರದ ಕೆಳಗೆ ಬ್ಯಾನರ್ ಹಿಡಿದು ನಿಂತರೂ ಎಫ್ಐಆರ್ ಆಗಬಹುದು. 2023ರಲ್ಲಿ ಸ್ಯಾಂಕಿ ಕೆರೆ ಬಳಿಯ ರಸ್ತೆ ಯೋಜನೆ ವಿರೋಧಿಸಿ ನಡೆದವರ ಮೇಲೂ ಕೇಸು ಬಿದ್ದಿತ್ತು.

ಹೈಕೋರ್ಟ್‌ಗೆ ಹೋಗುವುದಾದರೆ ಕಾರ್ಯಾದೇಶ ಕೊಡುವ ಮೊದಲೇ ಹೋಗಿ. ಇಲಾಖೆಗೆ ಕೊಟ್ಟ ಮನವಿ, ಅದರ ಮುದ್ರೆ, ಬಂದ ಅಥವಾ ಬಾರದ ಉತ್ತರ ಇವೆಲ್ಲ ನ್ಯಾಯಾಲಯ ಮೊದಲು ಕೇಳುವ ಕಾಗದಗಳು. ಪಿಲ್ಲರ್ ಅರ್ಧ ಎದ್ದ ಮೇಲೆ ಹೋದರೆ ಸಾರ್ವಜನಿಕರ ದುಡ್ಡು ಖರ್ಚಾಗಿದೆ ಎಂಬ ಒಂದು ಸಾಲಿಗೆ ನಿಮ್ಮ ಇಡೀ ವಾದ ತೆಳ್ಳಗಾಗುತ್ತದೆ.

ಯೋಜನೆ ಪೂರ್ತಿ ನಿಲ್ಲದೆ ಸ್ವಲ್ಪ ಬದಲಾದರೆ ಸಂಭ್ರಮಿಸುವ ಮುನ್ನ ಪರಿಷ್ಕೃತ ನಕ್ಷೆಯ ಪ್ರತಿ ಕೇಳಿ. ಅದರಲ್ಲಿ ತಾತ್ಕಾಲಿಕ ಜಾಗಕ್ಕೂ ಗಡಿ ಹಾಕಿಸಿ, ಎಷ್ಟು ತಿಂಗಳು, ವಾಪಸ್ ಕೊಡುವಾಗ ಕಾಂಕ್ರೀಟ್ ಕಿತ್ತು ಮೇಲ್ಮಣ್ಣು ಹಾಕುವವರು ಯಾರು ಎಂದು ಬರೆಸಿಕೊಳ್ಳಿ. ಬೇಲಿಯ ಗೂಟ ಎಲ್ಲಿ ನೆಡುತ್ತಾರೋ ಅಲ್ಲಿ ಅವತ್ತೇ ನಿಂತು ಟೇಪು ಹಿಡಿಯಿರಿ.