ರೈಲೆಂದರೆ ಪ್ರಾಣ ಎನ್ನುವವರು ರೈಲ್ವೆಯಲ್ಲಿ ಯಾವ ಕೆಲಸ ಹಿಡಿಯಬೇಕು?

ಪ್ರಶ್ನೆ: ಚಿಕ್ಕಂದಿನಿಂದಲೂ ನನಗೆ ರೈಲೆಂದರೆ ಪ್ರಾಣ. ಈ ವರ್ಷ ಬಿ.ಎಸ್ಸಿ. ಮುಗಿಯುತ್ತದೆ. ರೈಲ್ವೆಯಲ್ಲೇ ಕೆಲಸಕ್ಕೆ ಸೇರಬೇಕೆಂಬ ಆಸೆಯಿದೆ, ಆದರೆ ಎಂಜಿನ್ ಓಡಿಸುವುದನ್ನು ಬಿಟ್ಟು ಬೇರೆ ಯಾವ ಕೆಲಸವೂ ಕಣ್ಣ ಮುಂದೆ ಬರುವುದಿಲ್ಲ. ರೈಲನ್ನು ನಿಜವಾಗಿ ಪ್ರೀತಿಸುವವರು ಯಾವ ಕೆಲಸವನ್ನು ಆರಿಸಿಕೊಳ್ಳಬೇಕು?

ಉತ್ತರ: ರೈಲಿನ ಹುಚ್ಚು ಹತ್ತಿದ ಯಾರನ್ನು ಕೇಳಿದರೂ ಮೊದಲು ಬರುವುದು ಎಂಜಿನ್ನಿನ ಮಾತೇ. ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ನಿಂತು ಕೈ ಬೀಸಿದ ಮಗುವಿಗೆ ಕಿಟಕಿಯಿಂದ ಕೈ ಬೀಸಿ ಉತ್ತರಿಸುವವರು ಎಂಜಿನ್ ಓಡಿಸುವವರೇ ಆದ್ದರಿಂದ, ಆ ಕನಸು ಎಲ್ಲರಲ್ಲೂ ಮೊದಲು ಹುಟ್ಟುವುದು ಸಹಜ. ಆದರೆ ಆಯ್ಕೆಯ ಹೊತ್ತಿನಲ್ಲಿ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯಿದೆ. ರೈಲಿನಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸುವುದು ಎಂಜಿನ್ನೋ, ಹಳಿಯೋ, ಅಥವಾ ಒಂದೇ ಜೋಡಿ ಹಳಿಯ ಮೇಲೆ ಎದುರುಬದುರಾಗಿ ಬರುವ ಗಾಡಿಗಳು ಒಂದನ್ನೊಂದು ಮುಟ್ಟದೆ ದಾಟಿಹೋಗುವ ಆ ಏರ್ಪಾಡೋ? ಇದಕ್ಕೆ ಸಿಗುವ ಉತ್ತರದಂತೆ ಕೆಲಸವೂ ಬದಲಾಗುತ್ತದೆ.

ಎಂಜಿನ್ನಿನಿಂದಲೇ ಆರಂಭಿಸೋಣ. ಹೊಸಬರು ಸೇರುವುದು ಸಹಾಯಕ ಲೋಕೊ ಪೈಲಟ್ ಆಗಿ. ಅದಕ್ಕೆ ಎಸ್ಸೆಸ್ಸೆಲ್ಸಿಯ ಜೊತೆಗೆ ನಿಗದಿತ ವಿಭಾಗದಲ್ಲಿ ಐಟಿಐ, ಇಲ್ಲವೇ ಎಂಜಿನಿಯರಿಂಗ್ ಡಿಪ್ಲೊಮಾ ಅಥವಾ ಪದವಿ ಬೇಕು, ಬರಿಯ ಬಿ.ಎಸ್ಸಿ.ಯಿಂದ ಈ ಬಾಗಿಲು ತೆರೆಯುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಣ್ಣಿನ ಪರೀಕ್ಷೆಯೂ ಕಠಿಣ. ಎರಡೂ ಕಣ್ಣುಗಳ ದೂರದೃಷ್ಟಿ ಕನ್ನಡಕವಿಲ್ಲದೆ 6/6 ಇರಬೇಕು, ಬಣ್ಣಗಳನ್ನು ತಪ್ಪಿಲ್ಲದೆ ಗುರುತಿಸಬೇಕು, ಲೇಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಕನ್ನಡಕ ಬಿಟ್ಟವರನ್ನೂ ತೆಗೆದುಕೊಳ್ಳುವುದಿಲ್ಲ. ಏಳನೇ ವೇತನ ಆಯೋಗದ ಪ್ರಕಾರ ಆರಂಭದ ಮೂಲ ವೇತನ 19,900 ರೂಪಾಯಿ. ಓಡಿದ ಕಿಲೋಮೀಟರಿಗೆ ತಕ್ಕ ಭತ್ಯೆ ಬೇರೆ. ಅಲ್ಲಿಂದ ಶಂಟಿಂಗ್ (ನಿಲ್ದಾಣದೊಳಗೆ ಬೋಗಿಗಳನ್ನು ಜೋಡಿಸುವ, ಸರಿಸುವ ಕೆಲಸ), ಗೂಡ್ಸ್, ಪ್ಯಾಸೆಂಜರ್ ಎಂದು ಮೆಟ್ಟಿಲು ಹತ್ತುತ್ತಾ ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳ ಹೊಣೆ ಸಿಗುವಷ್ಟರಲ್ಲಿ ಅನೇಕ ವರ್ಷಗಳು ಸಂದಿರುತ್ತವೆ.

ಕೆಲಸದ ಒಳಗುಟ್ಟು ಇನ್ನೂ ಗಂಭೀರವಾದದ್ದು. ನಡುರಾತ್ರಿ ಕರೆ ಬಂದರೆ ಲಾಬಿಗೆ, ಅಂದರೆ ಕೆಲಸಕ್ಕೆ ಹಾಜರಾಗುವ ಕಚೇರಿಗೆ ಹೋಗಿ, ಮದ್ಯ ಕುಡಿದಿಲ್ಲವೆಂದು ತೋರಿಸುವ ಉಸಿರಿನ ಪರೀಕ್ಷೆ ಮುಗಿಸಿ, ಯಾವ ಕಿಲೋಮೀಟರಿನಿಂದ ಯಾವ ಕಿಲೋಮೀಟರಿನವರೆಗೆ ವೇಗ ತಗ್ಗಿಸಬೇಕೆಂಬ ಕಾಷನ್ ಆರ್ಡರನ್ನು ಓದಿಕೊಂಡು ಎಂಜಿನ್ ಹತ್ತಬೇಕು. ದಾರಿಯುದ್ದಕ್ಕೂ ಪ್ರತಿಯೊಂದು ಸಿಗ್ನಲನ್ನೂ ಕೈ ತೋರಿಸಿ ಗಟ್ಟಿಯಾಗಿ ಕೂಗಿ ಹೇಳಬೇಕು, ಸಹಾಯಕರು ಅದನ್ನು ಮತ್ತೆ ಕೂಗಬೇಕು. ಹಸಿರು, ಎರಡು ಹಳದಿ, ಒಂದು ಹಳದಿ, ಕೆಂಪು ಎಂಬ ನಾಲ್ಕು ಮಾತುಗಳಲ್ಲೇ ಇಡೀ ರಾತ್ರಿ ಕಳೆಯುತ್ತದೆ. ಕಿಟಕಿಯಾಚೆಯ ದೃಶ್ಯವನ್ನು ಸವಿಯುವ ಬಿಡುವು ಪ್ರಯಾಣಿಕರಿಗಿರುತ್ತದೆಯೇ ಹೊರತು ಎಂಜಿನ್ನಿನೊಳಗಿರುವವರಿಗೆ ಇರುವುದಿಲ್ಲ. ಮನೆಯಿಂದ ದೂರದ ರನ್ನಿಂಗ್ ರೂಮೆಂಬ ವಿಶ್ರಾಂತಿ ಕೋಣೆಯಲ್ಲಿ ಹಗಲು ಹೊತ್ತು ಕಿಟಕಿಗೆ ಪರದೆ ಎಳೆದು ನಿದ್ದೆ ಮಾಡುವುದು, ಹಬ್ಬದ ದಿನ ಯಾವುದೋ ಸಣ್ಣ ನಿಲ್ದಾಣದ ಲೂಪ್ ಲೈನಿನಲ್ಲಿ, ಅಂದರೆ ಮುಖ್ಯ ಹಳಿಯಿಂದ ಕವಲೊಡೆದ ಪಕ್ಕದ ಹಳಿಯಲ್ಲಿ, ಗೂಡ್ಸ್ ಗಾಡಿಯೊಂದಿಗೆ ಕಾಯುವುದು, ಇವೆಲ್ಲ ಈ ಕೆಲಸದ ಭಾಗವೇ. ನೀವು ಹುಡುಗನೋ ಹುಡುಗಿಯೋ ಪ್ರಶ್ನೆಯಲ್ಲಿ ತಿಳಿಸಿಲ್ಲ. ಹುಡುಗಿಯಾಗಿದ್ದರೆ, ದೇಶದ ಮೊದಲ ಮಹಿಳಾ ರೈಲು ಚಾಲಕಿ ಸುರೇಖಾ ಯಾದವ್ 2023ರ ಮಾರ್ಚ್‌ನಲ್ಲಿ ಸೊಲ್ಲಾಪುರದಿಂದ ಮುಂಬೈಗೆ ವಂದೇ ಭಾರತ್ ಗಾಡಿಯನ್ನೂ ಓಡಿಸಿದ್ದಾರೆ ಎಂಬುದು ನೆನಪಿರಲಿ.

ಇಷ್ಟಾದರೂ ಈ ಕೆಲಸದಲ್ಲಿ ರೈಲುಪ್ರೇಮಿಗೆ ಸಿಗುವ ಸಂಪತ್ತೊಂದಿದೆ. ಅದಕ್ಕೆ ದಾರಿಯ ಅರಿವು ಎನ್ನುತ್ತಾರೆ. ಯಾವುದೇ ಮಾರ್ಗದಲ್ಲಿ ಗಾಡಿ ಓಡಿಸುವ ಮೊದಲು ಆ ಮಾರ್ಗವನ್ನು ಕಲಿಯುವ ಓಡಾಟಗಳನ್ನು ಮುಗಿಸಿರಬೇಕು, ಮೂರು ತಿಂಗಳಿಗಿಂತ ಹೆಚ್ಚು ಕಾಲ ಆ ಕಡೆ ಹೋಗದಿದ್ದರೆ ಮತ್ತೆ ಕಲಿಯಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ 55 ಕಿಲೋಮೀಟರ್ ಘಾಟಿಯನ್ನೇ ನೋಡಿ: 57 ಸುರಂಗಗಳು, ನೂರಕ್ಕೂ ಮೀರಿದ ಸೇತುವೆಗಳು, ಐವತ್ತು ಮೀಟರ್ ಸಾಗಿದರೆ ಒಂದು ಮೀಟರ್ ಇಳಿಯುವ ಇಳಿಜಾರು. ಅಲ್ಲಿ ಏರುವುದಕ್ಕಿಂತ ಇಳಿಯುವುದೇ ಕಷ್ಟ. ಎಲ್ಲಿ ಬ್ರೇಕ್ ಹಿಡಿಯಬೇಕು, ಎಷ್ಟು ಹೊತ್ತು ಹಿಡಿಯಬೇಕು, ಮಳೆಗಾಲದಲ್ಲಿ ಹಳಿ ಒದ್ದೆಯಾದಾಗ ಗಾಡಿ ಹೇಗೆ ವರ್ತಿಸುತ್ತದೆ ಎಂಬುದು ಓಡಿಸಿದವರ ಕೈಗೆ ಗೊತ್ತಿರುತ್ತದೆ, ಪುಸ್ತಕದಿಂದ ಬರುವುದಿಲ್ಲ. ಒಂದು ಮಾರ್ಗವನ್ನು ಇಷ್ಟು ಒಳಹೊಕ್ಕು ಬಲ್ಲವರಾಗುವ ಆಸೆ ನಿಮ್ಮಲ್ಲಿದ್ದರೆ, ಐಟಿಐಗೆ ಸೇರಲು ಎರಡು ವರ್ಷ ಕೊಡುವುದು ನಷ್ಟವಲ್ಲ.

ನನ್ನನ್ನು ಕೇಳಿದರೆ ನಾನು ಆರಿಸಿಕೊಳ್ಳುವುದು ಸಣ್ಣ ನಿಲ್ದಾಣವೊಂದರ ಸ್ಟೇಷನ್ ಮಾಸ್ಟರ್ ಕೆಲಸವನ್ನು. ನಾನು ಹುಡುಗನಾಗಿದ್ದಾಗ ನಮ್ಮೂರಿನ ಮೀಟರ್ ಗೇಜ್ ನಿಲ್ದಾಣದ ಕೋಣೆಯಲ್ಲಿ ಗೋಡೆಗೆ ತಾಗಿ ಎರಡು ಕಬ್ಬಿಣದ ಯಂತ್ರಗಳಿದ್ದವು, ಆಚೆಯ ನಿಲ್ದಾಣಕ್ಕೊಂದು, ಈಚೆಯ ನಿಲ್ದಾಣಕ್ಕೊಂದು. ಮಾಸ್ಟರು ಗಂಟೆ ಬಾರಿಸಿ ಮುಂದಿನ ನಿಲ್ದಾಣದಿಂದ ಲೈನ್ ಕ್ಲಿಯರ್, ಅಂದರೆ ಗಾಡಿ ಬಿಡಲು ಒಪ್ಪಿಗೆ ಪಡೆದಾಗ ಯಂತ್ರದ ಹೊಟ್ಟೆಯಿಂದ ನಿಂಬೆಹಣ್ಣಿಗಿಂತ ತುಸು ದೊಡ್ಡದಾದ ಉಕ್ಕಿನ ಗುಂಡೊಂದು ಉರುಳಿ ಬೀಳುತ್ತಿತ್ತು. ಅದನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬಳೆಗೆ ಸಿಕ್ಕಿಸಿ, ನಿಲ್ದಾಣದ ಸಹಾಯಕನಾದ ಪಾಯಿಂಟ್ಸ್‌ಮನ್ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಎತ್ತಿ ಹಿಡಿದರೆ ಓಡುವ ಎಂಜಿನ್ನಿನಿಂದ ತೋಳು ಚಾಚಿ ಅದನ್ನು ಕಸಿದುಕೊಂಡು ಹೋಗುತ್ತಿದ್ದರು. ಆ ಗುಂಡು ಎರಡರಲ್ಲಿ ಒಂದು ತುದಿಯ ಯಂತ್ರಕ್ಕೆ ಮರಳುವವರೆಗೆ ಎರಡೂ ಕಡೆಯಿಂದ ಮತ್ತೊಂದು ಗುಂಡು ಹೊರಬರುತ್ತಿರಲಿಲ್ಲ, ಹಾಗಾಗಿ ಆ ಮಾರ್ಗದಲ್ಲಿ ಎರಡನೆಯ ಗಾಡಿ ಹೊರಡುವ ಮಾತೇ ಇರಲಿಲ್ಲ. ಅಂಗೈಯಲ್ಲಿ ಹಿಡಿಯುವ ಒಂದು ಗುಂಡಿನಲ್ಲಿ ಅಷ್ಟೂ ಜೀವಗಳ ರಕ್ಷಣೆ ಅಡಗಿದೆಯೆಂದು ಮಾಸ್ಟರು ವಿವರಿಸಿದ ಆ ದಿನದಿಂದ ನನಗೆ ಎಂಜಿನ್ನಿಗಿಂತ ಆ ಕೋಣೆಯೇ ಹೆಚ್ಚು ಆಪ್ತವಾಯಿತು.

ಈಗ ಬಹುತೇಕ ಕಡೆ ಉಕ್ಕಿನ ಗುಂಡಿನ ಬದಲು ಒತ್ತುಗುಂಡಿಗಳ ಫಲಕವೋ ಕಂಪ್ಯೂಟರ್ ಪರದೆಯೋ ಬಂದಿದೆ, ತತ್ತ್ವ ಮಾತ್ರ ಅದೇ. ಮುಂದಿನ ನಿಲ್ದಾಣದ ಒಪ್ಪಿಗೆಯಿಲ್ಲದೆ ಗಾಡಿ ಬಿಡುವಂತಿಲ್ಲ. ದೂರವಾಣಿಯಲ್ಲಿ ನೀಡಿದ ಮಾತಿಗೆ ಸಾಕ್ಷಿಯಾಗಿ ಮಾಸ್ಟರುಗಳು ತಮ್ಮ ಹಾಳೆಯಲ್ಲಿರುವ ಕ್ರಮತಪ್ಪಿದ ಗುಪ್ತಸಂಖ್ಯೆಗಳನ್ನು ಒಬ್ಬರಿಗೊಬ್ಬರು ಹೇಳಿ ಬರೆದಿಟ್ಟುಕೊಳ್ಳುತ್ತಾರೆ. ನಿಲ್ಲದೆ ಹೋಗುವ ಗಾಡಿಯ ಎದುರು ಹಸಿರು ಬಾವುಟ ಹಿಡಿದು ನಿಲ್ಲುವವರು ಗೌರವ ಸೂಚಿಸಲು ಮಾತ್ರ ನಿಂತಿರುವುದಿಲ್ಲ. ಯಾವುದಾದರೂ ಗಾಲಿ ಬಿಸಿಯಾಗಿ ಹೊಗೆಯಾಡುತ್ತಿದೆಯೇ, ಬೋಗಿಯ ಅಡಿಯಲ್ಲಿ ಏನಾದರೂ ಜೋತುಬಿದ್ದಿದೆಯೇ, ಕೊನೆಯ ಬೋಗಿಯ ಹಿಂದೆ ಹಗಲಾದರೆ ‘ಕೊನೆಯ ಬೋಗಿ’ (ಲಾಸ್ಟ್ ವೆಹಿಕಲ್) ಎಂದು ಸೂಚಿಸುವ ಎಲ್‌ವಿ ಫಲಕ, ಇರುಳಾದರೆ ಕೆಂಪು ದೀಪ ಇದೆಯೇ ಎಂದು ನೋಡುತ್ತಿರುತ್ತಾರೆ. ಆ ಗುರುತು ಕಾಣದಿದ್ದರೆ ಬೋಗಿಯೊಂದು ಕಳಚಿ ಹಿಂದೆ ಉಳಿದಿರಬಹುದು, ಆದ್ದರಿಂದ ಮಾರ್ಗ ತೆರವಾಯಿತೆಂದು ಹೇಳುವಂತಿಲ್ಲ. ರೈಲು ನೋಡುವುದನ್ನೇ ಕರ್ತವ್ಯವಾಗಿ ವಿಧಿಸಿರುವ ಬೇರೆ ಕೆಲಸ ಯಾವುದಿದೆ, ಹೇಳಿ! ಹಾದುಹೋಗುವ ಪ್ರತಿ ಗಾಡಿಯ ಸಮಯವನ್ನೂ ನಿಮಿಷ ಬಿಡದೆ ಪುಸ್ತಕದಲ್ಲಿ ದಾಖಲಿಸುವುದು ಬೇರೆ ಉಳಿದೇ ಇದೆ. ನಾವು ಹವ್ಯಾಸಕ್ಕಾಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದನ್ನು ಅವರು ನೌಕರಿಯಾಗಿ ಮಾಡುತ್ತಾರೆ.

ಇದಕ್ಕೆ ಪದವಿ ಸಾಕು, ಆರಂಭದ ಮೂಲ ವೇತನ 35,400 ರೂಪಾಯಿ. ಕಷ್ಟವೂ ಕಡಿಮೆಯಲ್ಲ. ಸರದಿಯ ಮೇಲೆ ಬರುವ ರಾತ್ರಿ ಪಾಳಿ, ಒಂಟಿತನ, ಒಂದು ಕ್ಷಣದ ಮರೆವೂ ಕ್ಷಮೆಯಿಲ್ಲದ ತಪ್ಪಾಗುವ ಒತ್ತಡ, ಎಲ್ಲವೂ ಇವೆ. ಮೇಲೆ ಹೇಳಿದ ಘಾಟಿಯ ನಡುವಿನ ಎಡಕುಮೇರಿಯಂಥ ನಿಲ್ದಾಣಕ್ಕೆ ವಾಹನ ಹೋಗುವ ರಸ್ತೆಯೇ ಇಲ್ಲ, ದಿನಸಿಯಿಂದ ಹಿಡಿದು ಎಲ್ಲವೂ ರೈಲಿನಲ್ಲೇ ಬರಬೇಕು. ಪದವೀಧರರಿಗೆ ಗೂಡ್ಸ್ ಟ್ರೈನ್ ಮ್ಯಾನೇಜರ್ ಹುದ್ದೆಯೂ ಉಂಟು. ಹಿಂದೆ ಗಾರ್ಡ್ ಎನ್ನುತ್ತಿದ್ದ ಈ ಹೆಸರು 2022ರಲ್ಲಿ ಬದಲಾಯಿತು. ಗಾಡಿಯ ಕಟ್ಟಕಡೆಯಲ್ಲಿ ಕುಳಿತು ಹಿಂದಕ್ಕೆ ಸರಿಯುವ ಹಳಿಗಳನ್ನು ನೋಡುತ್ತಾ ಹೋಗುವುದು ಕೆಲವರಿಗೆ ಬಹಳ ಇಷ್ಟ.

ಹಳಿಯನ್ನೇ ಪ್ರೀತಿಸುವವರಿಗೆ ಕೀಮ್ಯಾನ್ ಕೆಲಸದಷ್ಟು ಹತ್ತಿರದ್ದು ಮತ್ತೊಂದಿಲ್ಲ. ಬೆಳಗಾಗುತ್ತಲೇ ಸುತ್ತಿಗೆ, ಸ್ಪ್ಯಾನರ್, ಕೆಂಪು ಮತ್ತು ಹಸಿರು ಬಾವುಟಗಳನ್ನು ಹೊತ್ತು ತನ್ನ ಪಾಲಿನ ಕಿಲೋಮೀಟರುಗಳನ್ನು ನಡೆದು ನೋಡುವುದು ಅವರ ದಿನಚರಿ. ಮುಖ್ಯ ಮಾರ್ಗದಲ್ಲಿ ಕಿಲೋಮೀಟರಿಗೆ ಹಳಿಯ ಕೆಳಗೆ ಅಡ್ಡಲಾಗಿ ಹಾಕಿದ ಕಾಂಕ್ರೀಟ್ ಸ್ಲೀಪರುಗಳು ಸಾಮಾನ್ಯವಾಗಿ 1660 ಇರುತ್ತವೆ. ಹಳಿಯನ್ನು ಅವಕ್ಕೆ ಹಿಡಿದಿಡುವ ಕ್ಲಿಪ್ಪುಗಳು ಒಂದೊಂದಕ್ಕೆ ನಾಲ್ಕರಂತೆ ಆರೂವರೆ ಸಾವಿರಕ್ಕೂ ಹೆಚ್ಚು ಕ್ಲಿಪ್ಪುಗಳ ಮೇಲೆ ಕಣ್ಣಾಡಿಸಿ, ಸಡಿಲವಾದದ್ದನ್ನು ಹೊಡೆದು ಕೂರಿಸಬೇಕು. ಹಳಿ ಬಿರುಕು ಬಿಟ್ಟದ್ದು ಕಂಡರೆ ಗಾಡಿ ಬರುವ ದಿಕ್ಕಿಗೆ ಓಡಿ, 600 ಮೀಟರ್ ದೂರದಲ್ಲಿ ಒಂದು, 1200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರ್ ಅಂತರಕ್ಕೆ ಮೂರು ಪಟಾಕಿಗಳನ್ನು ಹಳಿಗೆ ಕಟ್ಟಬೇಕು; ಗಾಲಿ ಹಾಯ್ದಾಗ ಅವು ಸಿಡಿದು ಎಂಜಿನ್ನಿನಲ್ಲಿರುವವರನ್ನು ಎಚ್ಚರಿಸುತ್ತವೆ. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಕುಸಿದು ಸಂಚಾರ ನಿಂತಾಗ, ಮಳೆಯಲ್ಲೇ ಹಗಲಿರುಳು ದುಡಿದು ದಾರಿಯನ್ನು ಮತ್ತೆ ಕಟ್ಟಿದವರು ಈ ವಿಭಾಗದವರು. 18,000 ರೂಪಾಯಿ ಮೂಲ ವೇತನದ ಕೆಳಗಿನ ಮೆಟ್ಟಿಲಿನಿಂದ ಆರಂಭವಾಗುವ, ಪ್ರಾಣಾಪಾಯವೂ ಇರುವ ಈ ದುಡಿಮೆಗೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಯಂತ್ರ ಇಷ್ಟ, ಆದರೆ ಕನ್ನಡಕ ಬಂದಿದೆ ಎನ್ನುವವರು ಹುಬ್ಬಳ್ಳಿಯ ಅಥವಾ ಮೈಸೂರಿನ ಅಶೋಕಪುರಂನ ಕಾರ್ಯಾಗಾರದತ್ತ, ಯಲಹಂಕದ ರೈಲು ಗಾಲಿ ಕಾರ್ಖಾನೆಯತ್ತ ನೋಡಬಹುದು. ಯಲಹಂಕದಲ್ಲಿ 1984ರಿಂದ ಗಾಲಿಗಳು ತಯಾರಾಗುತ್ತಿವೆ. ಸವೆದುಹೋದ ಹಳೆಯ ಗಾಲಿಗಳನ್ನೂ ಗುಜರಿ ಉಕ್ಕನ್ನೂ ಕರಗಿಸಿ, ಆ ಕೆಂಡದಂಥ ದ್ರವವನ್ನು ಗಾಳಿಯ ಒತ್ತಡದಿಂದ ಕೆಳಗಿನಿಂದ ಮೇಲಕ್ಕೆ ಗ್ರಾಫೈಟ್ ಅಚ್ಚಿನೊಳಗೆ ಏರಿಸುತ್ತಾರೆ. ಉಗಿ ಎಂಜಿನ್ನೇ ಬೇಕೆನ್ನುವವರಿಗೆ ನೆರೆಯ ನೀಲಗಿರಿಯಿದೆ. ಮೆಟ್ಟುಪಾಳ್ಯಂನಿಂದ ಊಟಿಗೆ ಹೋಗುವ ಆ ದಾರಿಯಲ್ಲಿ ಕೂನೂರಿನವರೆಗಿನ ಹಲ್ಲುಹಳಿಯ ಭಾಗಕ್ಕೆ ಹನ್ನೆರಡಕ್ಕೆ ಒಂದರ ಏರು ಇರುವುದರಿಂದ, ಒಂದೊಂದು ಬೋಗಿಯ ಮುಂದೆಯೂ ಒಬ್ಬ ಬ್ರೇಕ್ಸ್‌ಮನ್ ಬಾವುಟ ಹಿಡಿದು ನಿಂತಿರುತ್ತಾರೆ. ಆದರೆ ಅಲ್ಲಿನ ಹುದ್ದೆಗಳು ಬೆರಳೆಣಿಕೆಯವು, ಅದೊಂದನ್ನೇ ನಂಬಿ ಕೂರಬೇಡಿ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಎರಡು ಕೆಲಸ. ಸ್ಟೇಷನ್ ಮಾಸ್ಟರ್ ಮತ್ತು ಟ್ರೈನ್ ಮ್ಯಾನೇಜರ್ ಹುದ್ದೆಗಳಿಗೂ ಕನ್ನಡಕವಿಲ್ಲದ ದೃಷ್ಟಿ ಬೇಕು, ಎಂಜಿನ್ನಿಗಿಂತ ಮಟ್ಟ ಸ್ವಲ್ಪ ಕೆಳಗಿದೆಯಷ್ಟೆ. ಹಾಗಾಗಿ ಓದಲು ಕೂರುವ ಮೊದಲು ಕಣ್ಣಿನ ವೈದ್ಯರಲ್ಲಿಗೆ ಹೋಗಿ ಬಣ್ಣದ ಪರೀಕ್ಷೆಯನ್ನೂ ಸೇರಿಸಿ ತಪಾಸಣೆ ಮಾಡಿಸಿಕೊಳ್ಳಿ. ಆಮೇಲೆ ರೈಲ್ವೆ ನೇಮಕಾತಿ ಮಂಡಳಿಯ ಪ್ರಕಟಣೆಗಾಗಿ ಕಾಯಿರಿ. ಎರಡು ಹಂತದ ಕಂಪ್ಯೂಟರ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಸ್ಟೇಷನ್ ಮಾಸ್ಟರ್ ಆಗಬಯಸುವವರಿಗೆ ಅದಾದ ಮೇಲೆ ಗಮನಶಕ್ತಿ, ನೆನಪು ಮತ್ತು ತ್ವರಿತ ನಿರ್ಧಾರವನ್ನು ಅಳೆಯುವ ಮತ್ತೊಂದು ಪರೀಕ್ಷೆ ಇರುತ್ತದೆ.