ಹಂದಿ ಮುಟ್ಟದವರ ತಲೆಗೆ ಹಂದಿ ಹುಳು ಬಂದದ್ದು ಹೇಗೆ?

ಪ್ರಶ್ನೆ: ನಾವು ಮೊಟ್ಟೆಯನ್ನೂ ಮುಟ್ಟದವರು. ಮಗನಿಗೆ ಫಿಟ್ಸ್ ಬಂತು ಅಂತ ಸ್ಕ್ಯಾನ್ ಮಾಡಿಸಿದರೆ ಮೆದುಳಿನಲ್ಲಿ ಹಂದಿ ಹುಳುವಿನ ಗುಳ್ಳೆ ಇದೆ ಅಂದರು. ಎಲೆಕೋಸು ತಿಂದಿದ್ದಕ್ಕೇ ಹೀಗಾಯ್ತು ಅಂತ ನೆಂಟರೆಲ್ಲ ಹೇಳುತ್ತಾರೆ. ನಿಜವಾ ಡಾಕ್ಟ್ರೇ?

ಉತ್ತರ: ನಾನು ದನದ ಡಾಕ್ಟರು. ಆದರೂ ಈ ಪ್ರಶ್ನೆ ನನ್ನ ಹತ್ತಿರ ಎಷ್ಟು ಸಲ ಬಂದಿದೆಯೋ, ಎಣಿಸುವುದನ್ನೇ ಬಿಟ್ಟಿದ್ದೇನೆ. ಊರು ಬೇರೆ, ವಯಸ್ಸು ಬೇರೆ, ಕೋಸು ಮಾತ್ರ ಅದೇ. ಪಾಪ, ಆ ತರಕಾರಿ ಯಾರಿಗೆ ಏನು ಮಾಡಿತ್ತು?

ಮೊದಲು ಕೋಸಿನ ಪಂಚಾಯ್ತಿ ಮುಗಿಸೋಣ. ಹೆಚ್ಚುವಾಗ ಎಲೆಗಳ ಸಂದಿಯಲ್ಲಿ ಸಿಗುವ ಹಸಿರು ಹುಳು ಪತಂಗದ ಮರಿ. ಎಲೆ ತಿಂದು, ರೆಕ್ಕೆ ಬಂದ ಮೇಲೆ ಹಾರಿಹೋಗುತ್ತದೆ. ಅಪ್ಪಿತಪ್ಪಿ ಪಲ್ಯದ ಜೊತೆ ಹೊಟ್ಟೆಗೆ ಹೋದರೆ ಜೀರ್ಣವಾಗುತ್ತದೆ, ಅಷ್ಟೇ. ಅಲ್ಲಿಂದ ಮೆದುಳಿಗೆ ಹತ್ತುವುದಕ್ಕೆ ಅದಕ್ಕೆ ದಾರಿಯೂ ಇಲ್ಲ, ಅಲ್ಲಿ ಕೆಲಸವೂ ಇಲ್ಲ. ಮೆದುಳಿಗೆ ಹೋಗುವುದು ಲಾಡಿಹುಳುವಿನ ಮರಿ, ನೀವು ಹಂದಿ ಹುಳು ಅನ್ನುವುದು ಇದನ್ನೇ. ಅದರ ಮೊಟ್ಟೆ ಒಂದು ಮಿಲಿಮೀಟರನ್ನು 30 ಪಾಲು ಮಾಡಿದರೆ ಒಂದು ಪಾಲಿನಷ್ಟು. ಕನ್ನಡಕ ಹಾಕಿಕೊಂಡು ಹುಡುಕಿದರೂ ಕಾಣುವುದಿಲ್ಲ. ಆದರೂ 'ನಾನು ಎಲೆ ಎಲೆ ಬಿಡಿಸಿ ನೋಡ್ತೀನಿ, ಉಪ್ಪು-ಅರಿಶಿನದ ನೀರಲ್ಲಿ ಮುಳುಗಿಸ್ತೀನಿ' ಅನ್ನುತ್ತಾರೆ. ಒಳ್ಳೇದು, ಹಸಿರು ಹುಳು ಹೊರಗೆ ಬರುತ್ತದೆ. ಲಾಡಿಹುಳುವಿನ ಮೊಟ್ಟೆ ಆ ನೀರಿಗೆಲ್ಲ ಜಗ್ಗುವುದಿಲ್ಲ. ಅದನ್ನು ಸಾಯಿಸುವುದು ಒಲೆಯ ಬಿಸಿ. ಅಂದಮೇಲೆ ಚೆನ್ನಾಗಿ ಬೆಂದ ಕೋಸಿನ ಪಲ್ಯ ತಿಂದು ಯಾರಿಗೂ ಈ ಕಾಯಿಲೆ ಬರಲ್ಲ. ಹಸಿಯಾಗಿ ತಿನ್ನುವ ತರಕಾರಿ ಕೊಳಚೆ ನೀರಲ್ಲಿ ಬೆಳೆದಿದ್ದರೆ, ಸರಿಯಾಗಿ ತೊಳೆಯದಿದ್ದರೆ ಅಪಾಯ ಇದೆ. ಆದರೆ ಆ ಅಪಾಯ ಕ್ಯಾರೆಟ್ಟಿಗೂ ಇದೆ, ಕೊತ್ತಂಬರಿ ಸೊಪ್ಪಿಗೂ ಇದೆ. ಕೋಸಂಬರಿಯನ್ನು ಮಾತ್ರ ಯಾರೂ ಬೈಯುವುದಿಲ್ಲ, ನೋಡಿ!

ಈಗ ಅಸಲು ವಿಷಯ. ಈ ಹುಳುವಿನದ್ದು ಎರಡು ಮನೆ ಸಂಸಾರ. ಹುಳು ಇರುವ ಮನುಷ್ಯ ಬಯಲಿಗೆ ಹೋಗುತ್ತಾನೆ, ಬೀದಿಗೆ ಬಿಟ್ಟ ಹಂದಿ ಅದನ್ನು ತಿನ್ನುತ್ತದೆ. ಮೊಟ್ಟೆಯಿಂದ ಬಂದ ಮರಿ ಹಂದಿಯ ಮಾಂಸದೊಳಗೆ ನೀರು ತುಂಬಿದ ಗುಳ್ಳೆಯಾಗಿ ಕೂರುತ್ತದೆ, ನೆನೆಸಿದ ಸಬ್ಬಕ್ಕಿಯ ಹಾಗೆ. ಆ ಮಾಂಸವನ್ನು ಅರೆಬರೆ ಬೇಯಿಸಿ ತಿಂದವನ ಕರುಳಲ್ಲಿ ಸುಮಾರು ಎರಡು ತಿಂಗಳಿಗೆ ಲಾಡಿಹುಳು ಬೆಳೆದಿರುತ್ತದೆ. ಪೈಜಾಮದ ಲಾಡಿಯಂತೆ ಚಪ್ಪಟೆ, ಉದ್ದ 2ರಿಂದ 7 ಮೀಟರ್.

ಇಲ್ಲೇ ಎಲ್ಲರೂ ಎಡವುವುದು. ಹಂದಿ ತಿಂದವನಿಗೆ ಬರುವುದು ಹೊಟ್ಟೆಯ ಹುಳು. ತಲೆಯ ಗುಳ್ಳೆ ಬರುವುದು ಅವನ ಮಲದಲ್ಲಿರುವ ಮೊಟ್ಟೆ ನುಂಗಿದವರಿಗೆ. ಹುಳುವಿನ ತುಂಡುಗಳು ಕಳಚಿ ಬೀಳುತ್ತಲೇ ಇರುತ್ತವೆ, ಒಂದೊಂದರಲ್ಲಿ 50,000ದಷ್ಟು ಮೊಟ್ಟೆ. ಎಷ್ಟೋ ಸಲ ಅವನಿಗೇ ಗೊತ್ತಿರುವುದಿಲ್ಲ. ಕೈ ಸರಿಯಾಗಿ ತೊಳೆಯದೆ ಚಟ್ನಿ ರುಬ್ಬಿದ, ಮಜ್ಜಿಗೆ ಕಲಸಿದ ಅಂದರೆ ಮುಗೀತು. ಆ ಚಟ್ನಿ ಅಪ್ಪಟ ಸಸ್ಯಾಹಾರವೇ ಅಲ್ವಾ? ಕೈಗಂಟಿದ ಮೊಟ್ಟೆ ತನ್ನ ಬಾಯಿಗೇ ಹೋದರೆ ಅವನ ತಲೆಗೂ ತಪ್ಪಿದ್ದಲ್ಲ.

ನಂಬಿಕೆ ಬರದಿದ್ದರೆ ನ್ಯೂಯಾರ್ಕಿನ ಕಥೆ ಕೇಳಿ. 1990–91ರಲ್ಲಿ ಅಲ್ಲಿನ ಸಂಪ್ರದಾಯಸ್ಥ ಯಹೂದಿಗಳಲ್ಲಿ ನಾಲ್ವರಿಗೆ ಇದೇ ಕಾಯಿಲೆ ಬಂತು. ಅವರ ಧರ್ಮದಲ್ಲಿ ಹಂದಿ ನಿಷಿದ್ಧ. ಕೊನೆಗೆ ಮನೆಗೆಲಸದವರನ್ನು ಪರೀಕ್ಷೆ ಮಾಡಿದಾಗ ಒಬ್ಬರ ಹೊಟ್ಟೆಯಲ್ಲಿ ಲಾಡಿಹುಳು ಸಿಕ್ಕಿತು. ಇದನ್ನು ಓದಿ ನಿಮ್ಮ ಮನೆಗೆಲಸದವರ ಮೇಲೆ ಗೂಬೆ ಕೂರಿಸಬೇಡಿ, ದಯವಿಟ್ಟು. ಸೋಪು ಮನೆಯ ಯಜಮಾನರಿಗೂ ಬೇಕು.

ಹಂದಿ ತಿನ್ನುವವರನ್ನೂ ಸುಮ್ನೆ ಬೈಯಬೇಡಿ. ಚೆನ್ನಾಗಿ ಬೆಂದು ಕಪ್ಪಾದ ಕೊಡಗಿನ ಪಂದಿ ಕರಿಯಲ್ಲಿ ಯಾವ ಗುಳ್ಳೆಯೂ ಬದುಕಿರುವುದಿಲ್ಲ. ಕೊಟ್ಟಿಗೆಯಲ್ಲೇ ಇಟ್ಟು ಮೇವು ಹಾಕಿ ಸಾಕಿದರೆ ಹಂದಿಗೂ ಈ ಹುಳು ಹತ್ತುವುದು ಕಷ್ಟ. ಹಂದಿಗೆ ಲಸಿಕೆಯೂ ಇದೆ, ಆಕ್ಸ್‌ಫೆಂಡಜೋಲ್ ಔಷಧಿಯೂ ಇದೆ.

ಮಗನ ವಿಷಯಕ್ಕೆ ನರರೋಗ ವೈದ್ಯರು ಹೇಳಿದ ಹಾಗೆ ಮಾಡಿ. ಅಂಗಡಿಯಿಂದ ಹುಳುವಿನ ಮಾತ್ರೆ ಆಲ್ಬೆಂಡಜೋಲ್ ತಂದು ನೀವೇ ನುಂಗಿಸಬೇಡಿ. ಮೆದುಳಿನಲ್ಲಿ ಹುಳು ಸಾಯುವಾಗ ಸುತ್ತ ಊತ ಬಂದು ಫಿಟ್ಸ್ ಜಾಸ್ತಿಯಾಗಬಹುದು. ಅದಕ್ಕೇ ವೈದ್ಯರು ಜೊತೆಗೆ ಸ್ಟಿರಾಯ್ಡ್ ಕೊಡುವುದು. ಹುಳು ಆಗಲೇ ಸತ್ತು ಸುಣ್ಣಗಟ್ಟಿದ ಗುಳ್ಳೆಯಾದರೆ ಹುಳುವಿನ ಮಾತ್ರೆ ಬೇಕಾಗಿಯೇ ಇಲ್ಲ. ಫಿಟ್ಸ್ ಮಾತ್ರೆಯನ್ನಂತೂ ಕೇಳದೆ ನಿಲ್ಲಿಸಬೇಡಿ.

ಯಾರೂ ಕೇಳಿಲ್ಲ, ಆದರೂ ಕುರಿಯ ಮಾತು ಹೇಳಿಬಿಡುತ್ತೇನೆ. ಜಾತ್ರೆಯಲ್ಲಿ ಕುರಿ ಕುಯ್ದಾಗ ಒಮ್ಮೊಮ್ಮೆ ಲಿವರಿನಲ್ಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆ ಕಾಣುತ್ತದೆ. 'ಇದು ಬೇಡ' ಅಂತ ಕುಯ್ದು ಅಲ್ಲೇ ಕಾದು ಕೂತ ನಾಯಿಗೆ ಎಸೆಯುತ್ತಾರೆ. ಅದು ಇನ್ನೊಂದು ಜಾತಿಯ ಲಾಡಿಹುಳು. ನಾಯಿಯ ಕರುಳಲ್ಲಿ ಅಕ್ಕಿ ಕಾಳಿಗಿಂತ ಚಿಕ್ಕದಾಗಿ, ಸಾವಿರಗಟ್ಟಲೆ ಬೆಳೆಯುತ್ತದೆ. ಅದರ ಮೊಟ್ಟೆ ನಾಯಿಯ ಮಲದಿಂದ ಮೈಕೂದಲಿಗೆ, ಅಲ್ಲಿಂದ ಮುದ್ದು ಮಾಡುವ ಮಕ್ಕಳ ಕೈಗೆ. ಆಮೇಲೆ ಅದೇ ನೀರುಗುಳ್ಳೆ ಮನುಷ್ಯನ ಲಿವರಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ದೊಡ್ಡದಾಗುತ್ತದೆ. ಒಳಗೇ ಒಡೆದರೆ ಪ್ರಾಣಕ್ಕೆ ಸಂಚಕಾರ. ಇಲ್ಲೂ ಮಟನ್ ತಿಂದವರಿಗೆ ಬರುವ ಕಾಯಿಲೆ ಅಂದುಕೊಳ್ಳಬೇಡಿ, ನಡುವೆ ನಾಯಿ ಬೇಕೇ ಬೇಕು. ಗುಳ್ಳೆ ಇರುವ ಭಾಗವನ್ನು ಸುಟ್ಟುಹಾಕಿ, ಇಲ್ಲವೇ ನಾಯಿ ಕೆರೆದು ತೆಗೆಯದಷ್ಟು ಆಳಕ್ಕೆ ಹೂಳಿ. ಬಾಲ ಅಲ್ಲಾಡಿಸುತ್ತಾ ಕೂತಿದ್ದರೆ ಅದಕ್ಕೊಂದು ಮುದ್ದೆ ಹಾಕಿ.