ಬ್ಲಾಸ್ಟ್ ವರದಿಯ ಬಾಲದಲ್ಲಿರುವ ಅಂಕಿಗಳು

ಬ್ಲಾಸ್ಟ್ ಎಂದರೆ ಡಿಎನ್‌ಎ ಅಥವಾ ಪ್ರೋಟೀನ್ ಸೀಕ್ವೆನ್ಸನ್ನು (ಅಕ್ಷರಗಳ ಸಾಲನ್ನು) ಹೋಲುವಂಥವನ್ನು ಡೇಟಾಬೇಸಿನಲ್ಲಿ ಹುಡುಕುವ ಪ್ರೋಗ್ರಾಮ್. ಅದರ ವರದಿ ತೆರೆದವರು ಹಿಟ್‌ಗಳ (ಹೋಲಿಕೆ ಸಿಕ್ಕ ಸೀಕ್ವೆನ್ಸುಗಳ) ಪಟ್ಟಿ ನೋಡುತ್ತಾರೆ, ಇ-ವ್ಯಾಲ್ಯೂ (ಅಷ್ಟು ಒಳ್ಳೆಯ ಹೋಲಿಕೆ ಆಕಸ್ಮಿಕವಾಗಿ ಎಷ್ಟು ಸಿಗಬಹುದೆಂಬ ಅಂದಾಜು) ನೋಡುತ್ತಾರೆ, ಮುಚ್ಚಿಬಿಡುತ್ತಾರೆ. ಪಠ್ಯ ವರದಿಯ ತುದಿಯಲ್ಲಿ ಲ್ಯಾಂಬ್ಡಾ, ಕೆ, ಎಚ್ ಎಂಬ ಸಂಖ್ಯಾಶಾಸ್ತ್ರದ ಅಂಕಿಗಳಿಂದ ಶುರುವಾಗುವ ಕೆಲವು ಸಾಲುಗಳನ್ನು ಓದುವವರು ಕಡಿಮೆ. ಆದರೆ ಅವಿಲ್ಲದೆ ಮೇಲಿನ ಇ-ವ್ಯಾಲ್ಯೂ ಹೇಗೆ ಬಂತೆಂದು ಲೆಕ್ಕ ಹಾಕಿ ನೋಡಲಾಗದು. ಬಯೋಪರ್ಲ್‌ನಲ್ಲಿ (ಜೀವವಿಜ್ಞಾನಕ್ಕಾಗಿ ಪರ್ಲ್ ಭಾಷೆಯಲ್ಲಿ ಬರೆದ ಕೋಡ್ ಸಂಗ್ರಹ) ಅವನ್ನು ಹಿಡಿದಿಡಲೆಂದೇ ಒಂದು ಮಾಡ್ಯೂಲ್ ಇದೆ: ಬಯೋ::ಸರ್ಚ್::ಜೆನೆರಿಕ್‌ಸ್ಟ್ಯಾಟಿಸ್ಟಿಕ್ಸ್.

ಮೊದಲು ಲೆಕ್ಕ. ಇದರ ಬುಡ ಕಾರ್ಲಿನ್ ಮತ್ತು ಆಲ್ಟ್‌ಶುಲ್ 1990ರಲ್ಲಿ ಪ್ರಕಟಿಸಿದ ಸಿದ್ಧಾಂತ. ಕಚ್ಚಾ ಸ್ಕೋರನ್ನು (ಎರಡು ಸೀಕ್ವೆನ್ಸುಗಳ ಹೋಲಿಕೆಗೆ ಸಿಕ್ಕ ಒಟ್ಟು ಅಂಕವನ್ನು) ಲ್ಯಾಂಬ್ಡಾದಿಂದ ಗುಣಿಸಿ, ಕೆ-ಯ ಸ್ವಾಭಾವಿಕ ಲಾಗರಿದಮ್ ಕಳೆದು, 2ರ ಸ್ವಾಭಾವಿಕ ಲಾಗರಿದಮ್‌ನಿಂದ ಭಾಗಿಸಿದರೆ ಬಿಟ್ ಸ್ಕೋರ್ ಸಿಗುತ್ತದೆ. ಕ್ವೆರಿಯ (ಹುಡುಕಲು ಕೊಟ್ಟ ಸೀಕ್ವೆನ್ಸಿನ) ಉದ್ದವನ್ನು ಡೇಟಾಬೇಸಿನ ಉದ್ದದಿಂದ ಗುಣಿಸಿ, ಬಿಟ್ ಸ್ಕೋರ್ ಎಷ್ಟಿದೆಯೋ ಅಷ್ಟು ಸಲ ಅರ್ಧ ಮಾಡುತ್ತಾ ಹೋದರೆ ಇ-ವ್ಯಾಲ್ಯೂ. ಇಲ್ಲಿ ಉದ್ದವೆಂದರೆ ಅಕ್ಷರ ಎಣಿಸಿದಷ್ಟೂ ಅಲ್ಲ. ಸೀಕ್ವೆನ್ಸಿನ ಅಂಚಿನಲ್ಲಿ ಅಲೈನ್‌ಮೆಂಟ್ (ಎರಡು ಸೀಕ್ವೆನ್ಸುಗಳ ಜೋಡಣೆ) ಶುರುವಾದರೂ ಬೆಳೆಯಲು ಜಾಗವಿರುವುದಿಲ್ಲವಾದ್ದರಿಂದ ಅಷ್ಟನ್ನು ಕಳೆದ ಉದ್ದ. ಹುಡುಕಾಟದ ಜಾಗದ ಗಾತ್ರವನ್ನು ವರದಿ ಬೇರೆಯಾಗಿಯೇ ಕೊಡುವುದು ಇದಕ್ಕೇ.

ಈಗ ತೊಡಕಿನ ಜಾಗ. ಪಠ್ಯ ವರದಿಯಲ್ಲಿ ಲ್ಯಾಂಬ್ಡಾ ಎರಡು ಸಲ ಬರುತ್ತದೆ: ಗ್ಯಾಪ್ (ಜೋಡಿಸುವಾಗ ಬಿಟ್ಟ ಖಾಲಿ ಜಾಗ) ಇಲ್ಲದ ಅಲೈನ್‌ಮೆಂಟಿಗೆ ಒಂದು, ಗ್ಯಾಪ್ ಇರುವುದಕ್ಕೆ ಇನ್ನೊಂದು. ಬ್ಲೋಸಮ್62 (ಅಮೈನೊ ಆಮ್ಲಗಳ ಜೋಡಿಗೆ ಅಂಕ ಕೊಡುವ ಕೋಷ್ಟಕ) ಜೊತೆ ಗ್ಯಾಪ್ ದಂಡ 11 (ತೆರೆಯಲು) ಮತ್ತು 1 (ಬೆಳೆಸಲು) ಇದ್ದಾಗ, ಗ್ಯಾಪ್ ಇರುವುದರ ಲ್ಯಾಂಬ್ಡಾ-ಕೆ ಜೋಡಿ 0.267 ಮತ್ತು 0.041. ಗ್ಯಾಪ್ ಇಲ್ಲದ್ದು ಸುಮಾರು 0.318 ಮತ್ತು 0.134. ಕಚ್ಚಾ ಸ್ಕೋರ್ 100 ಎಂದಿಟ್ಟುಕೊಂಡು ಕೂತು ಹಾಕಿ ನೋಡಿ: ಮೊದಲ ಜೋಡಿಯಲ್ಲಿ 43.1 ಬಿಟ್, ಎರಡನೆಯದರಲ್ಲಿ 48.8 ಬಿಟ್. ಸುಮಾರು 5.7 ಬಿಟ್ ತಾನೇ ಅನ್ನಬೇಡಿ. ತಪ್ಪು ಜೋಡಿ ಹಿಡಿದರೆ ಇ-ವ್ಯಾಲ್ಯೂ ಸುಮಾರು 50 ಪಟ್ಟು ಕುಗ್ಗಿ, ಸಾಧಾರಣ ಹಿಟ್ ಕೂಡ ಭರ್ಜರಿಯಾಗಿ ಕಾಣುತ್ತದೆ.

ಹಾಗಾಗಿ ಸಂಗ್ರಹಿಸುವುದರಲ್ಲಿ ಕಷ್ಟದ ಭಾಗ ಅಂಕಿಯಲ್ಲ, ಅದಕ್ಕೆ ಇಡುವ ಹೆಸರು. ಮಾಡ್ಯೂಲ್ ತೀರಾ ಸರಳ: ಒಳಗೊಂದು ಹ್ಯಾಶ್, ಅಂದರೆ ಹೆಸರಿಗೆ ಬೆಲೆ ಜೋಡಿಸಿಡುವ ಪಟ್ಟಿ. ಸೆಟ್_ಸ್ಟ್ಯಾಟಿಸ್ಟಿಕ್ ಹೆಸರನ್ನೂ ಬೆಲೆಯನ್ನೂ ಇಡುತ್ತದೆ, ಗೆಟ್_ಸ್ಟ್ಯಾಟಿಸ್ಟಿಕ್ ಹೆಸರು ಕೊಟ್ಟರೆ ಬೆಲೆ ತಂದುಕೊಡುತ್ತದೆ, ಅವೈಲಬಲ್_ಸ್ಟ್ಯಾಟಿಸ್ಟಿಕ್ಸ್ ಯಾವ ಯಾವ ಹೆಸರುಗಳಿವೆ ಎಂದು ತಿಳಿಸುತ್ತದೆ. ಪ್ರತಿ ಅಂಕಿಗೂ ಒಂದೊಂದು ಮೆಥಡ್ ಏಕಿಲ್ಲ? ಪ್ರತಿ ಪ್ರೋಗ್ರಾಮಿನ ಅಂಕಿಗಳೂ ಬೇರೆ. ಬ್ಲಾಸ್ಟ್ ಗ್ಯಾಪ್ ಇರುವುದರ ಬೆಲೆಗಳನ್ನು ಮೊದಲೇ ಲೆಕ್ಕಹಾಕಿದ ಕೋಷ್ಟಕದಿಂದ ತೆಗೆದರೆ, ಫಾಸ್ಟಾ ಎಂಬ ಇನ್ನೊಂದು ಹುಡುಕಾಟದ ಪ್ರೋಗ್ರಾಮ್ ಅದೇ ಹುಡುಕಾಟದಲ್ಲಿ ಬಂದ ಸ್ಕೋರುಗಳಿಂದ ಅಂದಾಜು ಮಾಡುತ್ತದೆ. ಎರಡಕ್ಕೂ ಒಂದೇ ಅಂಗಿ ಹೊಲಿಯಲಾಗದು.

ಈ ಸಡಿಲಿಕೆಗೆ ಬೆಲೆಯೂ ಇದೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಹ್ಯಾಶ್ ಜಗಳವಾಡುವುದಿಲ್ಲ, ಬರಿಗೈ ತೋರಿಸುತ್ತದೆ. ಪರ್ಲ್ ಆ ಖಾಲಿಯನ್ನು ಲೆಕ್ಕದಲ್ಲಿ ಸೊನ್ನೆ ಎಂದು ಹಿಡಿಯುತ್ತದೆ. ಎಚ್ಚರಿಕೆ ಆನ್ ಮಾಡಿಲ್ಲದಿದ್ದರೆ ಗೊತ್ತೂ ಆಗದು. ಬೆಲೆ ಬಳಸುವ ಮುನ್ನ ಅದು ಇದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಪಾರ್ಸರ್ (ವರದಿ ಓದಿ ಅಂಕಿ ತೆಗೆಯುವ ಕೋಡ್) ನೀವೇ ಬರೆಯುವುದಾದರೆ ಅಲ್ಪವಿರಾಮದ ಮೇಲೂ ಕಣ್ಣಿರಲಿ. ಡೇಟಾಬೇಸಿನ ಅಕ್ಷರಗಳ ಸಂಖ್ಯೆ 1,234,567 ಎಂದು ಅಚ್ಚಾಗಿದ್ದರೆ, ಹಾಗೇ ಇಟ್ಟ ಸ್ಟ್ರಿಂಗನ್ನು ಪರ್ಲ್ 1 ಎಂದು ಓದುತ್ತದೆ! ಇಡುವಾಗಲೇ ಕಿತ್ತು ಇಡಿ.

ಕಡತದ ರೂಪ ಬದಲಾದರೂ ಪೇಚಿದೆ. ಬ್ಲಾಸ್ಟ್‌ನ ಎಕ್ಸ್‌ಎಂಎಲ್‌ನಲ್ಲಿ ಲ್ಯಾಂಬ್ಡಾ ಒಂದೇ ಒಂದು. ಪ್ರೋಟೀನ್ ಹುಡುಕಾಟದಲ್ಲಿ ಅಲ್ಲಿ ಸಾಮಾನ್ಯವಾಗಿ ಕಾಣುವುದು 0.267, ಅಂದರೆ ಗ್ಯಾಪ್ ಇರುವುದರ ಬೆಲೆ. ಪಠ್ಯ ವರದಿಯಲ್ಲಿ ಮೊದಲು ಸಿಗುವುದೋ ಗ್ಯಾಪ್ ಇಲ್ಲದ್ದು. 12 ಕಾಲಮ್‌ಗಳ ಟ್ಯಾಬ್ ರೂಪದಲ್ಲಿ ಇವು ಯಾವುವೂ ಇರುವುದಿಲ್ಲ. ಅಂಥ ಕಡತ ಮಾತ್ರ ಉಳಿಸಿಕೊಂಡಿದ್ದರೆ ಗೆಟ್_ಸ್ಟ್ಯಾಟಿಸ್ಟಿಕ್ ಎಷ್ಟು ಸಲ ಕರೆದರೂ ಸಿಗುವುದು ಖಾಲಿಯೇ.